ಸೇಂಟ್ ಹೆಲೀನಾ ದ್ವೀಪದ ವಿಮಾನ ನಿಲ್ದಾಣ

ಆಫ್ರಿಕ ಮತ್ತು ದಕ್ಷಿಣ ಅಮೆರಿಕ ಖಂಡಗಳ ನಡುವೆ ಹರಡಿರುವ ದಕ್ಷಿಣ ಅಟ್ಲಾಂಟಿಕ್ ಮಹಾಸಾಗರವನ್ನು ಭೂಪಟದಲ್ಲಿ ನೋಡಿದರೆ, ಆ ವಿಸ್ತಾರವಾದ ನೀಲಿಯ ನಡುವೆ ಒಂದು ಚುಕ್ಕೆ ಕಾಣುತ್ತದೆ. ಅದರ ಪಕ್ಕದಲ್ಲಿ ಅಚ್ಚಾಗಿರುವ ಹೆಸರು ಆ ಚುಕ್ಕೆಗಿಂತ ಎಷ್ಟೋ ಪಾಲು ದೊಡ್ಡದು. ಅದೇ ಸೇಂಟ್ ಹೆಲೀನಾ. ಚರಿತ್ರೆಯ ವಿದ್ಯಾರ್ಥಿಗಳು ಈ ಹೆಸರನ್ನು ಕೇಳಿದೊಡನೆ ನೆಪೋಲಿಯನ್ನನನ್ನು ನೆನೆಯುತ್ತಾರೆ. ಯೂರೋಪನ್ನೇ ನಡುಗಿಸಿದ ಆ ಚಕ್ರವರ್ತಿ ೧೮೧೫ರಲ್ಲಿ ಸೆರೆಯಾಳಾಗಿ ಇಲ್ಲಿಗೆ ಬಂದು, ೧೮೨೧ರ ಮೇ ೫ರಂದು ಇಲ್ಲಿಯೇ ಕಣ್ಣು ಮುಚ್ಚಿದನು. ಆದರೆ ಈ ಲೇಖನದ ವಿಷಯ ಚಕ್ರವರ್ತಿಯಲ್ಲ. ಅದೇ ದ್ವೀಪದ ಒಂದು ಬಂಡೆಯ ಬಯಲಿನಲ್ಲಿ ನಮ್ಮ ಕಾಲದಲ್ಲಿ ನಿರ್ಮಾಣವಾದ ಒಂದು ಸಣ್ಣ ವಿಮಾನ ನಿಲ್ದಾಣ. ವಿಷಯ ಸಣ್ಣದೆಂದು ಕಂಡರೂ ಅದರಲ್ಲಿ ಭೂಗೋಳ, ಭೌತಶಾಸ್ತ್ರ, ಅರ್ಥಶಾಸ್ತ್ರ ಮೂರೂ ಹೆಣೆದುಕೊಂಡಿವೆ. ಅದಕ್ಕಿಂತ ಹೆಚ್ಚಾಗಿ, ಸುಮಾರು ನಾಲ್ಕು ಸಾವಿರದ ನಾನೂರು ಜನರು ಹೊರಗಿನ ಪ್ರಪಂಚದೊಡನೆ ಹೇಗೆ ಸಂಬಂಧವಿಟ್ಟುಕೊಳ್ಳಬೇಕು ಎಂಬ ಪ್ರಶ್ನೆ ಅದರಲ್ಲಿ ಅಡಗಿದೆ.

ಮೊದಲು ದ್ವೀಪದ ಸ್ಥಾನವನ್ನು ತಿಳಿಯೋಣ. ಅದರ ವಿಸ್ತೀರ್ಣ ಸುಮಾರು ೧೨೨ ಚದರ ಕಿಲೋಮೀಟರ್. ನೈಋತ್ಯ ಆಫ್ರಿಕದ ಕರಾವಳಿ ಇಲ್ಲಿಂದ ಸುಮಾರು ೧,೯೦೦ ಕಿಲೋಮೀಟರ್ ದೂರ. ಬ್ರೆಜಿಲ್ ಇನ್ನೂ ದೂರ. ಅತಿ ಸಮೀಪದ ನೆರೆಯೆಂದರೆ ವಾಯವ್ಯಕ್ಕೆ ೧,೩೦೦ ಕಿಲೋಮೀಟರ್ ಆಚೆಗಿರುವ ಅಸೆನ್ಷನ್ ದ್ವೀಪ. ಸಮುದ್ರದ ತಳದಿಂದ ಮೇಲೆದ್ದ ಹಳೆಯ ಜ್ವಾಲಾಮುಖಿಯ ಶಿಖರವೇ ಸೇಂಟ್ ಹೆಲೀನಾ. ಆದುದರಿಂದ ಅದರ ಅಂಚುಗಳೆಲ್ಲ ಕಡಿದಾದ ಬಂಡೆಗಳು. ಒಳಗೆಲ್ಲ ಆಳವಾದ ಕಣಿವೆಗಳು. ಮೈದಾನವೆಂಬುದು ಬಹಳ ಕಡಮೆ. ಅಂತಹ ಒಂದು ಕಣಿವೆಯಲ್ಲಿಯೇ ರಾಜಧಾನಿ ಜೇಮ್ಸ್‌ಟೌನ್, ಎರಡು ಬೆಟ್ಟಗಳ ಸಂದಿಯಲ್ಲಿ, ನೆಲೆಸಿದೆ. ಅಲ್ಲಿನ ಜನರು ತಮ್ಮನ್ನು ‘ಸೇಂಟ್’ಗಳೆಂದು ಕರೆದುಕೊಳ್ಳುತ್ತಾರೆ. ಯೂರೋಪು, ಆಫ್ರಿಕ, ಏಷ್ಯ ಮೂರು ಖಂಡಗಳ ರಕ್ತವೂ ಅವರಲ್ಲಿ ಬೆರೆತಿದೆ.

ಇಷ್ಟು ಒಂಟಿಯಾದ ದ್ವೀಪ ಒಂದು ಕಾಲದಲ್ಲಿ ಪ್ರಪಂಚದ ಹೆದ್ದಾರಿಯ ಮೇಲಿತ್ತು ಎಂದರೆ ಆಶ್ಚರ್ಯವಾದೀತು. ಅದಕ್ಕೆ ಕಾರಣ ಗಾಳಿ. ದಕ್ಷಿಣ ಅಟ್ಲಾಂಟಿಕಿನಲ್ಲಿ ಆಗ್ನೇಯ ದಿಕ್ಕಿನಿಂದ ವಾಣಿಜ್ಯ ಮಾರುತಗಳು ವರ್ಷವಿಡೀ ಹೆಚ್ಚುಕಡಮೆ ಒಂದೇ ಸಮನೆ ಬೀಸುತ್ತವೆ. ಭಾರತದಿಂದ ಹೊರಟು ಆಫ್ರಿಕದ ದಕ್ಷಿಣ ತುದಿಯನ್ನು ಸುತ್ತಿ ಬರುವ ಹಾಯಿ ಹಡಗನ್ನು ಈ ಮಾರುತಗಳು ನೇರವಾಗಿ ಸೇಂಟ್ ಹೆಲೀನಾದ ಕಡೆಗೆ ದೂಡುತ್ತಿದ್ದವು. ೧೫೦೨ರಲ್ಲಿ ಪೋರ್ಚುಗೀಸರ ನಾವಿಕ ಜ್ವಾವ್ ದ ನೋವಾ ಈ ದ್ವೀಪವನ್ನು ಕಂಡದ್ದು ಭಾರತದಿಂದ ಮರಳುವ ದಾರಿಯಲ್ಲಿಯೇ. ೧೬೫೯ರಲ್ಲಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿ ಇಲ್ಲಿ ನೆಲೆಯೂರಿತು. ಮುಂದೆ ಎರಡು ಶತಮಾನಗಳ ಕಾಲ, ನಮ್ಮ ನಾಡಿನ ಬಟ್ಟೆಯನ್ನೂ ಮೆಣಸನ್ನೂ ಹೊತ್ತ ಹಡಗುಗಳು ಇಲ್ಲಿ ನಿಂತು ಸಿಹಿನೀರು, ತರಕಾರಿ, ಹಣ್ಣುಗಳನ್ನು ತುಂಬಿಕೊಂಡು ಮುಂದೆ ಸಾಗುತ್ತಿದ್ದವು.

ಕನ್ನಡ ನಾಡಿನ ಚರಿತ್ರೆಯೂ ಈ ದ್ವೀಪವನ್ನು ಒಂದು ಬಗೆಯಲ್ಲಿ ಮುಟ್ಟಿದೆ. ೧೭೯೯ರಲ್ಲಿ ಶ್ರೀರಂಗಪಟ್ಟಣದ ಪತನವಾದ ಮೇಲೆ ಅಲ್ಲಿ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ, ೧೮೦೫ರಲ್ಲಿ ಸ್ವದೇಶಕ್ಕೆ ಮರಳುವಾಗ ಸೇಂಟ್ ಹೆಲೀನಾದಲ್ಲಿ ಇಳಿದು ‘ಬ್ರಯರ್ಸ್’ ಎಂಬ ಮನೆಯಲ್ಲಿ ತಂಗಿದ್ದನು. ಮುಂದೆ ವೆಲಿಂಗ್ಟನ್ನನೆಂದು ಪ್ರಸಿದ್ಧನಾಗಿ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಈತನೇ. ಸೋತ ನೆಪೋಲಿಯನ್ ಹತ್ತು ವರ್ಷಗಳ ತರುವಾಯ ದ್ವೀಪಕ್ಕೆ ಬಂದಾಗ, ಮೊದಲ ಕೆಲವು ವಾರಗಳನ್ನು ಕಳೆದದ್ದು ಅದೇ ಬ್ರಯರ್ಸ್ ಆವರಣದಲ್ಲಿ. ಟಿಪ್ಪುಸುಲ್ತಾನನಿಗೆ ನೆರವು ನೀಡುವೆನೆಂದು ೧೭೯೯ರ ಆರಂಭದಲ್ಲಿ ಈಜಿಪ್ಟಿನಿಂದ ಪತ್ರ ಬರೆದವನು ಈ ನೆಪೋಲಿಯನ್ನನೇ ಎಂಬುದನ್ನು ನೆನೆದರೆ, ಕಾಲದ ಆಟ ವಿಚಿತ್ರವೆನಿಸುತ್ತದೆ.

೧೮೬೯ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಭಾರತಕ್ಕೂ ಯೂರೋಪಿಗೂ ನಡುವಣ ದಾರಿ ಸಾವಿರಾರು ಮೈಲಿ ಕುಗ್ಗಿತು. ಆಗಲೇ ಹಬೆಯ ಹಡಗುಗಳೂ ಹೆಚ್ಚುತ್ತಿದ್ದುದರಿಂದ ಗಾಳಿಯ ಹಂಗು ಯಾರಿಗೂ ಬೇಕಾಗಲಿಲ್ಲ. ನಮಗೂ ಯೂರೋಪಿಗೂ ಇದ್ದ ದಾರಿ ಹತ್ತಿರವಾದಷ್ಟೂ ಸೇಂಟ್ ಹೆಲೀನಾ ಎಲ್ಲರಿಗೂ ದೂರವಾಯಿತು. ದ್ವೀಪ ಇದ್ದಲ್ಲೇ ಇತ್ತು. ಹೆದ್ದಾರಿ ಬೇರೆಡೆಗೆ ಹೋಯಿತು. ಅಂದಿನಿಂದ ಬ್ರಿಟಿಷ್ ಸರ್ಕಾರದ ಸಹಾಯಧನವಿಲ್ಲದೆ ಅದರ ಬಾಳು ಸಾಗದಂತಾಯಿತು.

ಇಪ್ಪತ್ತನೆಯ ಶತಮಾನದ ಕೊನೆಯ ವೇಳೆಗೆ ದ್ವೀಪದ ಜನರ ಜೀವನಾಡಿಯಾಗಿ ಉಳಿದದ್ದು ಒಂದೇ ಹಡಗು. ದ್ವೀಪದ ಹೆಸರನ್ನೇ ಹೊತ್ತ ಈ ಅಂಚೆ ಹಡಗು ೧೯೯೦ರಲ್ಲಿ ಸಂಚಾರ ಆರಂಭಿಸಿತು. ಸುಮಾರು ಮೂರು ವಾರಗಳಿಗೊಮ್ಮೆ ಬರುತ್ತಿತ್ತು. ಕೇಪ್‌ಟೌನಿನಿಂದ ಐದು ದಿನಗಳ ಪ್ರಯಾಣ. ಅಕ್ಕಿ, ಗೋಧಿಹಿಟ್ಟು, ಔಷಧ, ಪತ್ರ, ಪುಸ್ತಕ, ಮೋಟಾರುಗಾಡಿ, ಮದುಮಕ್ಕಳು, ರೋಗಿಗಳು, ಎಲ್ಲವೂ ಎಲ್ಲರೂ ಅದರಲ್ಲಿಯೇ ಬರಬೇಕು, ಅದರಲ್ಲಿಯೇ ಹೋಗಬೇಕು. ದ್ವೀಪದಲ್ಲಿ ಹಡಗು ದಡಕ್ಕೆ ಹತ್ತಿ ನಿಲ್ಲುವ ಧಕ್ಕೆಯೂ ಇರಲಿಲ್ಲ. ಹಡಗು ಕೊಲ್ಲಿಯಲ್ಲಿ ಲಂಗರು ಹಾಕುವುದು; ಜನರು ಸಣ್ಣ ದೋಣಿಗೆ ಇಳಿಯುವುದು; ದೋಣಿ ಅಲೆಯ ಮೇಲೆ ಏರಿದ ಕ್ಷಣದಲ್ಲಿ, ಮೇಲಿನಿಂದ ತೂಗುಬಿಟ್ಟ ಹಗ್ಗವನ್ನು ಹಿಡಿದು ಕಲ್ಲಿನ ಮೆಟ್ಟಿಲಿಗೆ ಕಾಲಿಡುವುದು. ಇದು ಅಲ್ಲಿನ ಮುದುಕರಿಗೂ ಮಕ್ಕಳಿಗೂ ಅಭ್ಯಾಸವಾಗಿದ್ದ ಕ್ರಮ.

ಪ್ರವಾಸಿಗೆ ಇದು ಸೊಗಸಾದ ಅನುಭವ. ಆದರೆ ಜೇಮ್ಸ್‌ಟೌನಿನ ಚಿಕ್ಕ ಆಸ್ಪತ್ರೆಯಲ್ಲಿ ಮಾಡಲಾಗದ ಶಸ್ತ್ರಚಿಕಿತ್ಸೆ ಬೇಕಾದ ರೋಗಿಯ ಸ್ಥಿತಿಯನ್ನು ಯೋಚಿಸಬೇಕು. ಹಡಗು ಹಿಂದಿನ ದಿನವೇ ಹೊರಟುಹೋಗಿದ್ದರೆ ಅವನು ವಾರಗಟ್ಟಲೆ ಕಾಯಬೇಕು. ಬಂದ ಮೇಲೆ ಐದು ದಿನ ಸಮುದ್ರದ ಮೇಲೆ ಕಳೆಯಬೇಕು. ಹೊರದೇಶದಲ್ಲಿ ದುಡಿಯುವ ಮಗನಿಗೆ ತಾಯಿಯ ಮರಣದ ಸುದ್ದಿ ತಂತಿಯ ಮೂಲಕ ಅದೇ ದಿನ ತಲುಪಿದರೂ, ಅವನು ಊರು ಸೇರುವ ಹೊತ್ತಿಗೆ ಎಲ್ಲವೂ ಮುಗಿದಿರುತ್ತಿತ್ತು. ಅಂತಹ ಮಕ್ಕಳು ಬಹಳ. ದ್ವೀಪದಲ್ಲಿ ಉದ್ಯೋಗ ಕಡಮೆ. ೨೦೦೨ರಲ್ಲಿ ಪೂರ್ಣ ಬ್ರಿಟಿಷ್ ಪೌರತ್ವ ಮರಳಿ ದೊರೆತ ಮೇಲಂತೂ ದುಡಿಯುವ ವಯಸ್ಸಿನವರು ಗುಂಪುಗುಂಪಾಗಿ ಹೊರಟರು.

ವಿಮಾನ ನಿಲ್ದಾಣದ ಯೋಚನೆ ಹೊಸದೇನೂ ಅಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೩ರಲ್ಲಿಯೇ, ದಕ್ಷಿಣ ಆಫ್ರಿಕದ ವಾಯುಪಡೆ ಪ್ರಾಸ್ಪರಸ್ ಬೇ ಎಂಬ ಪೂರ್ವ ತೀರದ ಬಯಲನ್ನು ಅಳೆದು ನೋಡಿತ್ತು. ಕಟ್ಟಬಹುದು, ಆದರೆ ವೆಚ್ಚಕ್ಕೆ ತಕ್ಕ ಪ್ರಯೋಜನವಿಲ್ಲ ಎಂಬುದು ಆಗಿನ ನಿರ್ಣಯ. ೨೦೦೫ರಲ್ಲಿ ಬ್ರಿಟಿಷ್ ಸರ್ಕಾರ ಮತ್ತೆ ಯೋಜನೆಯನ್ನು ಕೈಗೆತ್ತಿಕೊಂಡಿತು. ೨೦೦೮ರ ಆರ್ಥಿಕ ಮುಗ್ಗಟ್ಟಿನಲ್ಲಿ ಕೈಬಿಟ್ಟಿತು. ೨೦೧೦ರಲ್ಲಿ ಮತ್ತೆ ಒಪ್ಪಿತು. ೨೦೧೧ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕದ ಬೇಸಿಲ್ ರೀಡ್ ಕಂಪನಿಯೊಡನೆ ಕರಾರಾಯಿತು. ಯೋಜನೆಗೆ ಗೊತ್ತುಮಾಡಿದ ಹಣ ೨೮ ಕೋಟಿ ೫೫ ಲಕ್ಷ ಪೌಂಡು. ದ್ವೀಪದ ಜನಸಂಖ್ಯೆಯಿಂದ ಭಾಗಿಸಿದರೆ ತಲೆಗೆ ಸುಮಾರು ೬೫,೦೦೦ ಪೌಂಡು ಬೀಳುತ್ತದೆ. ಲೆಕ್ಕಾಚಾರದ ಹಿಂದಿದ್ದ ಆಸೆ ಇದು: ಪ್ರವಾಸಿಗರು ಕ್ರಮೇಣ ವರ್ಷಕ್ಕೆ ೩೦,೦೦೦ದಷ್ಟು ಬರುವರು, ದ್ವೀಪ ತನ್ನ ಕಾಲ ಮೇಲೆ ನಿಲ್ಲುವುದು, ಸಹಾಯಧನದ ಹೊರೆ ಇಳಿಯುವುದು.

ಕಟ್ಟಡದ ಕೆಲಸ ಸಾಮಾನ್ಯವಾದುದಾಗಿರಲಿಲ್ಲ. ಯಂತ್ರ, ಸಿಮೆಂಟು, ಇಂಧನ ಎಲ್ಲವೂ ಸಮುದ್ರದ ಮೇಲೆ ಬರಬೇಕು. ೨೦೧೨ರ ಜುಲೈಯಲ್ಲಿ ಸಾಮಗ್ರಿ ಹೊತ್ತ ಹಡಗೊಂದು ರೂಪರ್ಟ್ಸ್ ಕೊಲ್ಲಿಯ ದಡಕ್ಕೇ ಬಂದು ಹತ್ತಿತು. ಐನೂರು ವರ್ಷಗಳ ಚರಿತ್ರೆಯಲ್ಲಿ ಹಡಗು ದಡಕ್ಕೆ ತಾಗಿ ನಿಂತದ್ದು ಅದೇ ಮೊದಲು. ಅಲ್ಲಿಂದ ಬಯಲಿಗೆ ೧೪ ಕಿಲೋಮೀಟರ್ ಉದ್ದದ ರಸ್ತೆಯನ್ನು ಬೆಟ್ಟಗಳನ್ನು ಬಳಸಿ ಕಡಿಯಬೇಕಾಯಿತು. ಬಯಲಿನ ಉದ್ದವೂ ಸಾಲದು. ಅದರ ಒಂದು ಕಡೆ ‘ಡ್ರೈ ಗಟ್’ ಎಂಬ ಕಣಿವೆ. ಸುಮಾರು ನೂರು ಮೀಟರ್ ಆಳದ ಆ ಕಣಿವೆಯನ್ನು ಸುಮಾರು ೮೦ ಲಕ್ಷ ಘನ ಮೀಟರ್ ಕಲ್ಲುಮಣ್ಣಿನಿಂದ ತುಂಬಿ, ಅದುಮಿ, ಗಟ್ಟಿಮಾಡಿ, ಅದರ ಮೇಲೆ ರನ್‌ವೇಯನ್ನು ಹಾಯಿಸಿದರು. ಹೀಗೆ ಸಮುದ್ರಮಟ್ಟದಿಂದ ೩೦೯ ಮೀಟರ್ ಎತ್ತರದಲ್ಲಿ ೧,೯೫೦ ಮೀಟರ್ ಉದ್ದದ ಕಾಂಕ್ರೀಟಿನ ಹಾಸು ಸಿದ್ಧವಾಯಿತು.

ಈ ಕೆಲಸದ ಸಿದ್ಧತೆಯಲ್ಲಿ ದ್ವೀಪದ ಒಂದು ಹಳೆಯ ನೋವೂ ಬೆಳಕಿಗೆ ಬಂತು. ೧೮೪೦ರಿಂದ ಮೂರು ದಶಕಗಳ ಕಾಲ ಬ್ರಿಟಿಷ್ ನೌಕಾಪಡೆ ಗುಲಾಮರ ಹಡಗುಗಳನ್ನು ಹಿಡಿದು, ಅದರಲ್ಲಿದ್ದ ಆಫ್ರಿಕನ್ನರನ್ನು ಇಲ್ಲಿ ಇಳಿಸುತ್ತಿತ್ತು. ಅವರ ಸಂಖ್ಯೆ ೨೫,೦೦೦ಕ್ಕೆ ಕಡಮೆಯಿಲ್ಲ. ಬಿಡುಗಡೆ ದೊರೆತರೂ ಹಸಿವು, ಸಿಡುಬುಗಳಿಂದ ಸಾವಿರಾರು ಮಂದಿ ಸತ್ತರು. ಅವರನ್ನು ರೂಪರ್ಟ್ಸ್ ಕಣಿವೆಯಲ್ಲಿ ಹೂಳಲಾಯಿತು. ವಿಮಾನ ನಿಲ್ದಾಣದ ರಸ್ತೆಗಾಗಿ ೨೦೦೮ರಲ್ಲಿ ಅಗೆದಾಗ ೩೨೫ ಮಂದಿಯ ಅವಶೇಷಗಳು ದೊರೆತವು. ಅನೇಕ ವರ್ಷ ಪೆಟ್ಟಿಗೆಗಳಲ್ಲಿದ್ದ ಆ ಅಸ್ಥಿಗಳಿಗೆ ೨೦೨೨ರಲ್ಲಿ ಅದೇ ಕಣಿವೆಯಲ್ಲಿ ಗೌರವದಿಂದ ಮರುಸಂಸ್ಕಾರ ನಡೆಯಿತು.

೨೦೧೫ರ ಸೆಪ್ಟೆಂಬರ್ ೧೫ರಂದು ಸಣ್ಣ ಪರೀಕ್ಷಾ ವಿಮಾನವೊಂದು ಮೊದಲ ಬಾರಿಗೆ ಇಳಿಯಿತು. ೨೦೧೬ರ ಮೇ ೨೧ರಂದು, ದ್ವೀಪದ ಜನ್ಮದಿನವೆಂದು ಆಚರಿಸುವ ದಿನವೇ, ರಾಜಕುಮಾರ ಎಡ್ವರ್ಡ್ ಬಂದು ಉದ್ಘಾಟಿಸಬೇಕೆಂದು ಗೊತ್ತಾಗಿತ್ತು. ಅದಕ್ಕೆ ಒಂದು ತಿಂಗಳು ಮೊದಲು, ಏಪ್ರಿಲ್ ೧೮ರಂದು, ಬೋಯಿಂಗ್ ೭೩೭-೮೦೦ ಜಾತಿಯ ದೊಡ್ಡ ವಿಮಾನವೊಂದು ಪರೀಕ್ಷೆಗಾಗಿ ಬಂದಿತು. ಉತ್ತರದ ಕಡೆಯಿಂದ ರನ್‌ವೇಗೆ ಇಳಿಯುವಾಗ ಅದು ಗಾಳಿಯ ಹೊಡೆತಕ್ಕೆ ಸಿಕ್ಕಿ ತೊಳಲಾಡಿತು. ಕೊನೆಗೆ ಕ್ಷೇಮವಾಗಿ ಇಳಿಯಿತೇನೋ ನಿಜ. ಆದರೆ ದಿನನಿತ್ಯ ಜನರನ್ನು ಹೊತ್ತು ಹೀಗೆ ಇಳಿಯಲಾಗದು ಎಂಬುದು ಖಚಿತವಾಯಿತು. ಉದ್ಘಾಟನೆ ಮುಂದಕ್ಕೆ ಹೋಯಿತು. ಪತ್ರಿಕೆಗಳು ‘ಪ್ರಪಂಚದ ಅತ್ಯಂತ ನಿಷ್ಪ್ರಯೋಜಕ ವಿಮಾನ ನಿಲ್ದಾಣ’ ಎಂದು ಹಂಗಿಸಿದವು.

ಏನಾಯಿತು? ವೈಮಾನಿಕರು ‘ವಿಂಡ್ ಷಿಯರ್’ ಎಂದು ಕರೆಯುವುದನ್ನು ನಾವು ‘ಗಾಳಿಯ ಪಲ್ಲಟ’ ಎನ್ನೋಣ. ಅಲ್ಪ ದೂರದಲ್ಲಿಯೇ ಗಾಳಿಯ ವೇಗವೋ ದಿಕ್ಕೋ ಥಟ್ಟನೆ ಬದಲಾಗುವುದೇ ಇದರ ಅರ್ಥ. ಮಳೆಗಾಲದ ಹೊಳೆಯನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಒಂದೇ ಸಮನೆ ಹರಿಯುವ ನೀರು ದೊಡ್ಡ ಬಂಡೆಗೆ ಬಡಿದಾಗ ಮುಂದೆ ಉಕ್ಕಿ ಏರುತ್ತದೆ, ಪಕ್ಕದಲ್ಲಿ ರಭಸವಾಗಿ ನುಗ್ಗುತ್ತದೆ, ಹಿಂದೆ ಸುಳಿಯಾಗಿ ತಿರುಗುತ್ತದೆ. ಗಾಳಿಯೂ ಹಾಗೆಯೇ. ಸಾವಿರಾರು ಕಿಲೋಮೀಟರ್ ಸಮುದ್ರದ ಮೇಲೆ ಅಡ್ಡಿಯಿಲ್ಲದೆ ಬಂದ ಮಾರುತ, ಮುನ್ನೂರು ಮೀಟರ್ ಎತ್ತರದ ಬಂಡೆಗೋಡೆಗೆ ಬಡಿದು, ಅಲ್ಲಿನ ಗುಡ್ಡಗಳನ್ನು ಬಳಸಿ, ರನ್‌ವೇಯ ಉತ್ತರದ ತುದಿಯ ಬಳಿ ಸುಳಿಯಾಗಿ ಒಡೆಯುತ್ತದೆ.

ಇದರಿಂದ ವಿಮಾನಕ್ಕೇನು ಕೇಡು? ವಿಮಾನವನ್ನು ಮೇಲೆ ಹಿಡಿಯುವುದು ನೆಲಕ್ಕೆ ಹೋಲಿಸಿದ ವೇಗವಲ್ಲ, ಗಾಳಿಗೆ ಹೋಲಿಸಿದ ವೇಗ. ಗಂಟೆಗೆ ೨೦೦ ಕಿಲೋಮೀಟರ್ ವೇಗದಲ್ಲಿ ನೆಲದ ಮೇಲೆ ಸಾಗುತ್ತಿರುವ ವಿಮಾನಕ್ಕೆ ಎದುರಿನಿಂದ ೪೦ ಕಿಲೋಮೀಟರ್ ಗಾಳಿ ಬೀಸುತ್ತಿದ್ದರೆ, ರೆಕ್ಕೆಯ ಪಾಲಿಗೆ ಅದರ ವೇಗ ೨೪೦. ಎದುರುಗಾಳಿ ಒಮ್ಮೆಲೇ ನಿಂತುಹೋದರೆ ಅದು ೨೦೦ಕ್ಕೆ ಇಳಿಯುತ್ತದೆ. ರೆಕ್ಕೆ ಎತ್ತುವ ಶಕ್ತಿ ವೇಗದ ವರ್ಗಕ್ಕೆ ಅನುಪಾತವಾಗಿರುವುದರಿಂದ, ಆ ಕ್ಷಣಕ್ಕೆ ಶಕ್ತಿಯಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಸೋರಿಹೋಗುತ್ತದೆ. ಗಾಳಿ ಬಿದ್ದೊಡನೆ ಗಾಳಿಪಟ ಹೇಗೆ ತಲೆಕೆಳಗಾಗುವುದೋ ಹಾಗೆ. ಎತ್ತರದಲ್ಲಿದ್ದಾಗ ಚೇತರಿಸಿಕೊಳ್ಳಲು ಅವಕಾಶವುಂಟು. ನೆಲಕ್ಕೆ ಕೆಲವೇ ಮೀಟರ್ ಇರುವಾಗ, ಕೆಳಗೆ ಬಂಡೆಯ ಅಂಚಿರುವಾಗ, ಅವಕಾಶವೆಲ್ಲಿ?

ಇನ್ನೊಂದು ದಿಕ್ಕಿನಿಂದ, ಎಂದರೆ ದಕ್ಷಿಣದಿಂದ, ಇಳಿಯಬಹುದಲ್ಲವೆ ಎಂದು ಕೇಳಬಹುದು. ಅಲ್ಲಿ ಸುಳಿ ಕಡಮೆ. ಆದರೆ ಆಗ ಗಾಳಿ ಬೆನ್ನಿಗೆ ಬೀಸುತ್ತದೆ. ಬೆನ್ನುಗಾಳಿಯಲ್ಲಿ ಇಳಿದ ವಿಮಾನ ನೆಲದ ಮೇಲೆ ಹೆಚ್ಚು ವೇಗದಿಂದ ಓಡುವುದರಿಂದ, ನಿಲ್ಲಲು ಹೆಚ್ಚು ಉದ್ದದ ರನ್‌ವೇ ಬೇಕು. ತುಂಬಿದ ದೊಡ್ಡ ವಿಮಾನಕ್ಕೆ ಇರುವ ಉದ್ದ ಸಾಲದು. ಉದ್ದವನ್ನು ಹೆಚ್ಚಿಸೋಣವೆಂದರೆ ಎರಡು ಕಡೆಯೂ ಪ್ರಪಾತ.

ಮಜವೆಂದರೆ, ಈ ಗಾಳಿಯ ಗುಣವನ್ನು ವಿಮಾನಗಳು ಹುಟ್ಟುವ ಮೊದಲೇ ಒಬ್ಬ ಯಾತ್ರಿಕ ಗುರುತಿಸಿ ಬರೆದಿಟ್ಟಿದ್ದನು. ಆತನೇ ಚಾರ್ಲ್ಸ್ ಡಾರ್ವಿನ್. ಬೀಗಲ್ ನೌಕೆಯ ಯಾತ್ರೆಯಲ್ಲಿ ೧೮೩೬ರ ಜುಲೈಯಲ್ಲಿ ಕೆಲವು ದಿನ ಇಲ್ಲಿದ್ದ ಆತನಿಗೆ, ನಡೆದಾಡುವಾಗ ಆದ ತೊಂದರೆಯೆಂದರೆ ಗಾಳಿಯೊಂದೇ. ಒಂದು ದಿನ ಅವನು ಆಳವಾದ ಪ್ರಪಾತದಲ್ಲಿ ಕೊನೆಗೊಳ್ಳುವ ಒಂದು ಬಯಲಿನ ಅಂಚಿನ ಬಳಿ ನಿಂತಿದ್ದನು. ಅವನು ನಿಂತಲ್ಲಿ ಎಲೆ ಅಲುಗದಷ್ಟು ಶಾಂತ. ಕೆಲವೇ ಗಜಗಳ ಮುಂದೆ ಕಡಲಹಕ್ಕಿಗಳು ಬಿರುಗಾಳಿಯೊಡನೆ ಹೆಣಗಾಡುತ್ತಿದ್ದವು! ಅವನು ಅಂಚಿಗೆ ಹೋಗಿ ಕೈ ಚಾಚಿದೊಡನೆ ಗಾಳಿಯ ಪೂರ್ಣ ರಭಸ ಕೈಗೆ ತಾಗಿತು. ಬಂಡೆಗೆ ಬಡಿದ ಗಾಳಿ ಮೇಲಕ್ಕೆ ತಿರುಗುತ್ತಿದೆಯೆಂದೂ, ಶಾಂತಿಗೂ ಬಿರುಗಾಳಿಗೂ ನಡುವೆ ಎರಡು ಗಜ ಅಗಲದ ಕಾಣದ ಗೋಡೆಯಿದೆಯೆಂದೂ ಅವನು ತನ್ನ ಪ್ರವಾಸ ಗ್ರಂಥದಲ್ಲಿ ದಾಖಲೆ ಮಾಡಿದನು. ಅವನ ಮಾತೊಂದರಿಂದಲೇ ಯೋಜನೆಯನ್ನು ಬದಲಿಸಬೇಕಾಗಿತ್ತೆಂದು ಹೇಳಲಾಗದು. ಅಂಕಿ ಅಂಶಗಳಿಲ್ಲದೆ ಯಂತ್ರಶಿಲ್ಪಿ ಕೆಲಸ ಮಾಡಲಾರನು. ಆದರೆ ನೆಲವನ್ನು ಅಳೆದಷ್ಟು ಎಚ್ಚರಿಕೆಯಿಂದ ಗಾಳಿಯನ್ನೂ ಅಳೆಯಬೇಕಿತ್ತು ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿ. ಆ ವರ್ಷವೇ ಬ್ರಿಟಿಷ್ ಪಾರ್ಲಿಮೆಂಟಿನ ಲೆಕ್ಕಪತ್ರ ಸಮಿತಿಯೂ ಈ ಮುಂಗಾಣ್ಕೆಯ ಕೊರತೆಯನ್ನು ಕಟುವಾಗಿ ಟೀಕಿಸಿತು.

ಹಾಗಾದರೆ ನಿಲ್ದಾಣ ವ್ಯರ್ಥವಾಯಿತೆ? ಇಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಗಾದೆಯೇ ಇಲ್ಲಿ ಪರಿಹಾರವಾಯಿತು. ರನ್‌ವೇಯನ್ನು ವಿಮಾನಕ್ಕೆ ತಕ್ಕಂತೆ ಮಾಡಲಾಗದಿದ್ದರೆ, ರನ್‌ವೇಗೂ ಗಾಳಿಗೂ ತಕ್ಕ ವಿಮಾನವನ್ನು ಹುಡುಕಬೇಕು. ೨೦೧೬ರ ನವೆಂಬರಿನಲ್ಲಿ ಬ್ರೆಜಿಲಿನಲ್ಲಿ ತಯಾರಾದ ಎಂಬ್ರೇಯರ್ ೧೯೦ ಎಂಬ ಚಿಕ್ಕ ಜೆಟ್ ವಿಮಾನ ಅಲ್ಲಿ ಇಳಿದು ತೋರಿಸಿತು. ಆ ನಡುವೆ ೨೦೧೭ರ ಆರಂಭದಲ್ಲಿ ಅಂಚೆ ಹಡಗಿನ ಚಾಲಕಚಕ್ರ ಕೆಟ್ಟು, ಸಂಚಾರ ನಿಂತು, ಪ್ರಯಾಣಿಕರು ಸಿಕ್ಕಿಹಾಕಿಕೊಂಡರು. ಮೇ ತಿಂಗಳಲ್ಲಿ ಅವರನ್ನು ಕರೆತಂದದ್ದು ಬಾಡಿಗೆಗೆ ಪಡೆದ ಒಂದು ವಿಮಾನ. ೨೦೧೭ರ ಅಕ್ಟೋಬರ್ ೧೪ರಂದು ದಕ್ಷಿಣ ಆಫ್ರಿಕದ ಏರ್‌ಲಿಂಕ್ ಕಂಪನಿಯ ಎಂಬ್ರೇಯರ್ ವಿಮಾನ ಜೋಹಾನ್ಸ್‌ಬರ್ಗಿನಿಂದ ಹೊರಟು, ನಮೀಬಿಯದ ವಿಂಡ್‌ಹೂಕಿನಲ್ಲಿ ಇಳಿದು, ದ್ವೀಪವನ್ನು ತಲುಪಿತು. ನಿಯತ ವಿಮಾನ ಸಂಚಾರ ಆರಂಭವಾದದ್ದು ಹೀಗೆ. ಅಂಚೆ ಹಡಗು ೨೦೧೮ರ ಫೆಬ್ರವರಿಯಲ್ಲಿ ಕೊನೆಯ ಬಾರಿಗೆ ದ್ವೀಪವನ್ನು ಬಿಟ್ಟಾಗ, ದಡದಲ್ಲಿ ನೆರೆದ ಜನರಲ್ಲಿ ಕಣ್ಣೀರು ಸುರಿಸಿದವರು ಅನೇಕರು.

ಈಗಲೂ ಈ ನಿಲ್ದಾಣದ ಕೆಲಸ ಎಚ್ಚರಿಕೆಯದೇ. ಹತ್ತಿರದಲ್ಲಿ ಬೇರೆ ನಿಲ್ದಾಣವಿಲ್ಲ. ಇಳಿಯಲಾಗದಿದ್ದರೆ ವಿಮಾನ ಆಫ್ರಿಕಕ್ಕೇ ಮರಳಬೇಕು. ಆದುದರಿಂದ ಬರುವಾಗಲೇ ಹಿಂತಿರುಗುವಷ್ಟು ಇಂಧನವನ್ನು ಹೊತ್ತು ತರಬೇಕು. ಇಂಧನದ ಭಾರ ಹೆಚ್ಚಿದಷ್ಟೂ ಜನರ ಸಂಖ್ಯೆ ಕುಗ್ಗಬೇಕು. ಮೊದಲಲ್ಲಿ ಸುಮಾರು ನೂರು ಪೀಠಗಳ ವಿಮಾನದಲ್ಲಿ ೭೬ ಜನರಿಗಷ್ಟೇ ಅವಕಾಶವಿದ್ದುದು ಇದರಿಂದಲೇ. ಗಾಳಿಯ ಜೊತೆಗೆ ಮೋಡದ ಕಾಟವೂ ಉಂಟು. ೧೬೭೭ರಲ್ಲಿ ದಕ್ಷಿಣ ಗೋಳದ ನಕ್ಷತ್ರಗಳ ಪಟ್ಟಿ ಮಾಡಲು ಇಲ್ಲಿಗೆ ಬಂದ ಖಗೋಳಜ್ಞ ಎಡ್ಮಂಡ್ ಹ್ಯಾಲಿ ಪೇಚಾಡಿದ್ದು ಈ ಮೋಡಗಳಿಂದಲೇ. ಇಂದು ವಿಮಾನ ಚಾಲಕನೂ ಅದೇ ಮೋಡವನ್ನು ನೋಡಿ ಹುಬ್ಬು ಗಂಟಿಕ್ಕುತ್ತಾನೆ.

ಇನ್ನು ಲಾಭನಷ್ಟದ ಮಾತು. ಪ್ರವಾಸಿಗರ ಸಂಖ್ಯೆ ಆಸೆಪಟ್ಟ ೩೦,೦೦೦ದ ಹತ್ತಿರಕ್ಕೂ ಬಂದಿಲ್ಲ. ವಿಮಾನ ಚಿಕ್ಕದು, ವಾರಕ್ಕೆ ಒಂದೋ ಎರಡೋ ಬರುವುದು, ಟಿಕೇಟಿನ ಬೆಲೆ ಹೆಚ್ಚು. ಬ್ರಿಟನ್ನಿನ ಸಹಾಯಧನ ನಿಂತಿಲ್ಲ. ಬರಿಯ ಅರ್ಥಶಾಸ್ತ್ರದ ತಕ್ಕಡಿಯಲ್ಲಿ ತೂಗಿದರೆ, ೧೯೪೩ರಲ್ಲಿ ಹೇಳಿದ ಮಾತು ಇಂದಿಗೂ ಪೂರ್ತಿ ಸುಳ್ಳಾಗಿಲ್ಲ. ಇನ್ನೊಂದು ತಟ್ಟೆಯಲ್ಲಿ ಏನಿದೆ ಎಂಬುದನ್ನೂ ನೋಡಬೇಕು. ಐದು ದಿನಗಳ ದಾರಿ ಸುಮಾರು ಆರು ಗಂಟೆಗೆ ಇಳಿದಿದೆ. ೨೦೧೬ರಲ್ಲಿ, ಎಲ್ಲರೂ ನಿಲ್ದಾಣವನ್ನು ಹಂಗಿಸುತ್ತಿದ್ದಾಗಲೇ, ರೋಗಿಗಳನ್ನು ಸಾಗಿಸುವ ಸಣ್ಣ ವಿಮಾನಗಳು ಅಲ್ಲಿ ಇಳಿದು ಆಫ್ರಿಕದ ಆಸ್ಪತ್ರೆಗೆ ಜನರನ್ನು ಕೊಂಡೊಯ್ದಿದ್ದವು. ೨೦೨೦ರ ಕೋವಿಡ್ ಸಾಂಕ್ರಾಮಿಕದಲ್ಲಿ ನಿಯತ ಸಂಚಾರ ನಿಂತಾಗ, ವೈದ್ಯಕೀಯ ಸಾಮಗ್ರಿಯನ್ನೂ ಜನರನ್ನೂ ಬ್ರಿಟನ್ನಿನಿಂದ ವಿಶೇಷ ವಿಮಾನಗಳು ತಂದವು. ದೂರದಲ್ಲಿ ದುಡಿಯುವ ಮಗ ಈಗ ರಜೆಯ ಅರ್ಧವನ್ನು ಸಮುದ್ರದ ಮೇಲೆ ಕಳೆಯದೆ ಮನೆಗೆ ಬಂದು ಹೋಗಬಹುದು. ಈ ಲಾಭಗಳನ್ನು ಬರೆದಿಡಲು ಲೆಕ್ಕದ ಪುಸ್ತಕದಲ್ಲಿ ಅಂಕಣವಿಲ್ಲ.

ಮಿತ್ರರೇ, ಸೇಂಟ್ ಹೆಲೀನಾ ದ್ವೀಪವನ್ನು ಪ್ರಪಂಚಕ್ಕೆ ಜೋಡಿಸಿದ್ದು ಆಗ್ನೇಯದ ಗಾಳಿ. ಹಡಗುಗಳು ಅದರ ಬೆನ್ನೇರಿ ಬಂದವು. ಅದರ ಹಂಗು ತಪ್ಪಿದಾಗ ಬಿಟ್ಟುಹೋದವು. ಮನುಷ್ಯ ಕಣಿವೆಯನ್ನು ತುಂಬಿ, ಬೆಟ್ಟವನ್ನು ಕಡಿದು, ಮತ್ತೆ ದಾರಿ ಮಾಡಿದಾಗ ಅದೇ ಗಾಳಿ ಅಡ್ಡ ನಿಂತಿತು. ಕೊನೆಗೆ ದಾರಿ ಬಿಟ್ಟದ್ದು ಹೆಚ್ಚು ಕಾಂಕ್ರೀಟಿಗಲ್ಲ, ಹೆಚ್ಚು ಹಣಕ್ಕಲ್ಲ. ಅದರ ಸ್ವಭಾವವನ್ನು ಅರಿತು ಬಂದ ಒಂದು ಚಿಕ್ಕ ವಿಮಾನಕ್ಕೆ. ನಾಲ್ಕು ಸಾವಿರ ಜನರಿಗಾಗಿ ಇಷ್ಟು ಹಣ ವೆಚ್ಚ ಮಾಡಬಹುದೆ ಎಂಬ ಪ್ರಶ್ನೆಗೆ ಅರ್ಥಶಾಸ್ತ್ರದ ಅಧ್ಯಾಪಕರು ಒಂದು ಉತ್ತರ ಕೊಡಬಹುದು, ಆಸ್ಪತ್ರೆಯ ಮಂಚದ ಮೇಲೆ ಮಲಗಿರುವವನು ಇನ್ನೊಂದು ಕೊಡಬಹುದು. ಎರಡನ್ನೂ ಕೇಳಿದ ಮೇಲೆಯೇ ತೀರ್ಪು ಹೇಳುವುದು ನ್ಯಾಯ.